ಚಿನ್ನದ ಗಣಿಯಲ್ಲಿ ಸಿಕ್ಕ ಚಿನ್ನವಲ್ಲದ್ದು

(ಬಂಗಾರಪೇಟೆಯಲ್ಲಿ ನೀಡಿದ ದತ್ತಿ ಉಪನ್ಯಾಸದ ಪಠ್ಯ)



ವಿಜ್ಞಾನದ ಇತ್ತೀಚಿನ ಅಚ್ಚರಿಗಳ ಬಗ್ಗೆ ಮಾತನಾಡಬೇಕೆಂದು ನನಗೆ ಬಂದ ಪತ್ರದಲ್ಲಿತ್ತು. ಇಂಥ ವಿಷಯ ಕೊಟ್ಟರೆ ಭಾಷಣಕಾರನಿಗೆ ಸುಲಭದ ದಾರಿಯೊಂದಿದೆ. ಮಂಗಳ ಗ್ರಹದ್ದೊಂದು, ಮಿದುಳಿನದ್ದೊಂದು, ಕಡಲಾಳದ್ದೊಂದು ಎಂದು ಹತ್ತು ಸುದ್ದಿ ಹೇಳಿ ಚಪ್ಪಾಳೆ ಗಿಟ್ಟಿಸಿ ಹೋಗಬಹುದು. ನಾಳೆ ಬೆಳಿಗ್ಗೆ ಹತ್ತರಲ್ಲಿ ಒಂಬತ್ತು ಯಾರಿಗೂ ನೆನಪಿರುವುದಿಲ್ಲ. ನಾನು ಒಂದು ಸುದ್ದಿಯಿಂದ ಶುರುಮಾಡಿ ನೇರ ಕೋಲಾರ ಚಿನ್ನದ ಗಣಿಯ, ಅಂದರೆ ಕೆಜಿಎಫ್‌ನ ಚಾಂಪಿಯನ್ ರೀಫ್ಸ್‌ಗೆ ಬಂದುಬಿಡುತ್ತೇನೆ.

2025ರ ಫೆಬ್ರುವರಿಯಲ್ಲಿ ‘ನೇಚರ್’ ಪತ್ರಿಕೆ ಒಂದು ಪ್ರಬಂಧ ಪ್ರಕಟಿಸಿತು. ಇಟಲಿಯ ಸಿಸಿಲಿ ದ್ವೀಪದಾಚೆ ಸುಮಾರು ಮೂರೂವರೆ ಕಿಲೋಮೀಟರ್ ಆಳದ ಸಮುದ್ರದಲ್ಲಿ ಗಾಜಿನ ಗೋಳಗಳನ್ನು ಇಳಿಬಿಟ್ಟು ಕತ್ತಲಲ್ಲಿ ಮಿನುಗುವ ಬೆಳಕಿಗಾಗಿ ಕಾಯುವ ಯಂತ್ರವೊಂದಿದೆ. ಅದರ ಹೆಸರು ಕೆಎಂ3ನೆಟ್. 2023ರ ಫೆಬ್ರುವರಿ 13ರಂದು ಅದರ ಮೂಲಕ ಒಂದು ಕಣ ಹಾದುಹೋಗಿತ್ತು. ಲೆಕ್ಕ ಹಾಕಿದಾಗ, ಅದನ್ನು ಹುಟ್ಟಿಸಿದ ನ್ಯೂಟ್ರಿನೊ ಜಗತ್ತಿನ ಅತಿ ದೊಡ್ಡ ಕಣವೇಗವರ್ಧಕ ಕೊಡಬಲ್ಲ ಶಕ್ತಿಯ ಸುಮಾರು 30,000 ಪಟ್ಟು ಶಕ್ತಿ ಹೊತ್ತು ಬಂದದ್ದೆಂದು ತಿಳಿಯಿತು. ಅಷ್ಟು ಶಕ್ತಿಯ ನ್ಯೂಟ್ರಿನೊವನ್ನು ಅಲ್ಲಿಯವರೆಗೆ ಯಾರೂ ಕಂಡಿರಲಿಲ್ಲ.

ಅದು ನ್ಯೂಟ್ರಿನೊದಿಂದಲೇ ಹುಟ್ಟಿದ್ದು ಎಂದು ಅವರಿಗೆ ಹೇಗೆ ಗೊತ್ತಾಯಿತು? ಕಣ ಬಂದ ದಿಕ್ಕಿನಿಂದ. ಅದು ಮೇಲಿನಿಂದ ಬೀಳಲಿಲ್ಲ, ಬಹುತೇಕ ಅಡ್ಡಡ್ಡಲಾಗಿ ಬಂತು. ಆ ದಿಕ್ಕಿನಲ್ಲಿ ಅಷ್ಟು ಉದ್ದದ ನೀರನ್ನೂ ಬಂಡೆಯನ್ನೂ ದಾಟಿ ಬರುವುದು ಬೇರೆ ಯಾವ ಕಣದ ಕೈಲೂ ಆಗದ ಮಾತು.

ಈ ತರ್ಕ ಹೊಸದಲ್ಲ. ಇಲ್ಲಿಂದ ನಾಲ್ಕೈದು ಸ್ಟೇಷನ್ ಆಚೆ, ನೆಲದ ಕೆಳಗೆ 7,600 ಅಡಿಯಲ್ಲಿ, 1965ರಲ್ಲೇ ಇದನ್ನು ಬಳಸಿ ಗೆದ್ದಿದ್ದರು. ಇವತ್ತಿನ ಮಾತು ಹೆಚ್ಚಾಗಿ ಅದರದ್ದೇ. ಕೆಜಿಎಫ್ ಎಂದರೆ ಈಗಿನ ಹುಡುಗರಿಗೆ ಸಿನಿಮಾ, ಅವರ ಅಪ್ಪಂದಿರಿಗೆ ಮುಚ್ಚಿಹೋದ ಕೆಲಸ. ಭೌತವಿಜ್ಞಾನಿಗಳಿಗೆ ಮಾತ್ರ ಅದೊಂದು ಪ್ರಯೋಗಶಾಲೆ. ‘ಕೋಲಾರ್ ರಾಕ್’ ಎಂಬುದು ಅವರ ಪ್ರಬಂಧಗಳಲ್ಲಿ ಪಾರಿಭಾಷಿಕ ಪದವೇ ಆಗಿಹೋಗಿದೆ. ಇಲ್ಲಿನ ಬಂಡೆ ಸಾಮಾನ್ಯ ಬಂಡೆಗಿಂತ ಭಾರ. ನೀರಿನ ಸುಮಾರು ಮೂರು ಪಟ್ಟು ಸಾಂದ್ರತೆ. ಆದ್ದರಿಂದ ಇಲ್ಲಿನ ಆಳವನ್ನು ಬೇರೆ ಕಡೆಯ ಆಳಕ್ಕೆ ಹೋಲಿಸಬೇಕಾದಾಗಲೆಲ್ಲ ಅವರು ಈ ಊರಿನ ಹೆಸರು ಬರೆಯಬೇಕಾಗುತ್ತಿತ್ತು.

ವಿದ್ಯಾರ್ಥಿಗಳು ಒಮ್ಮೆ ಅಂಗೈ ಚಾಚಿ ಹಿಡಿಯಿರಿ. ಈಗ ಅದರ ಮೂಲಕ ಸೆಕೆಂಡಿಗೆ ಹೆಚ್ಚೂಕಡಿಮೆ ಒಂದರಂತೆ ಮ್ಯೂಯಾನ್ ಎಂಬ ಕಣ ಹಾದುಹೋಗುತ್ತಿದೆ. ಆಕಾಶದಾಚೆಯಿಂದ ಬರುವ ವಿಶ್ವಕಿರಣಗಳು ವಾಯುಮಂಡಲಕ್ಕೆ ಬಡಿದಾಗ ಹುಟ್ಟುವ ಕಣಗಳಿವು. ಈ ಸಭಾಂಗಣದ ಸೂರು ಇವಕ್ಕೆ ಲೆಕ್ಕವೇ ಅಲ್ಲ. ಒಂದು ಚದರ ಮೀಟರ್ ನೆಲದ ಮೇಲೆ ನಿಮಿಷಕ್ಕೆ ಸುಮಾರು ಹತ್ತು ಸಾವಿರ ಬೀಳುತ್ತವೆ. ಬಂಡೆಯೊಳಗೆ ಇಳಿದ ಹಾಗೆಲ್ಲ ಕಡಿಮೆಯಾಗುತ್ತ ಹೋಗುತ್ತವೆ. ಎಷ್ಟು ಆಳಕ್ಕೆ ಎಷ್ಟು ಕಡಿಮೆ ಎಂಬುದು ಆಗಿನ ಕಾಲದ ಒಂದು ಪ್ರಶ್ನೆ.

ಅದನ್ನು ಅಳೆಯಲು ಹೋಮಿ ಭಾಭಾ ಅವರ ಸೂಚನೆಯಂತೆ 1951ರಲ್ಲಿ ಕೆಜಿಎಫ್‌ಗೆ ಬಂದವರು ಬಿ.ವಿ. ಶ್ರೀಕಂಠನ್. ನಂಜನಗೂಡಿನಲ್ಲಿ ಹುಟ್ಟಿದವರು. ಆಗಿನ್ನೂ ಇಪ್ಪತ್ತರ ಹರೆಯದಲ್ಲಿದ್ದ ಅವರು ಮುಂದೆ ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ, ಅಂದರೆ ಟಿಐಎಫ್‌ಆರ್‌ನ ನಿರ್ದೇಶಕರೇ ಆದರು. ದೇಶದಲ್ಲಿ ಇಷ್ಟು ಆಳಕ್ಕೆ, ಅದೂ ಬೇಕೆಂದ ಲೆವೆಲ್‌ನಲ್ಲಿ ಇಳಿದು ನಿಂತು ಅಳೆಯುವ ಅನುಕೂಲ ಬೇರೆಲ್ಲೂ ಇರಲಿಲ್ಲ. ಶಾಫ್ಟ್‌ಗಳು ತಯಾರಾಗಿದ್ದವು. ಶಿವನಸಮುದ್ರದಿಂದ 1902ರಲ್ಲೇ ಕರೆಂಟು ಬಂದಿತ್ತು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದು ಜಗತ್ತಿನ ಅತಿ ಆಳದ ಗಣಿಗಳ ಸಾಲಿನಲ್ಲಿತ್ತು.

ಹತ್ತು ವರ್ಷದ ಮೇಲೆ, ಅರವತ್ತರ ದಶಕದ ಆರಂಭದಲ್ಲಿ, ಜಪಾನಿನ ಒಸಾಕಾದ ಎಸ್. ಮಿಯಾಕೆ ಅವರು ಟಿಐಎಫ್‌ಆರ್‌ನ ವಿ.ಎಸ್. ನರಸಿಂಹಂ, ಪಿ.ವಿ. ರಮಣಮೂರ್ತಿ ಅವರ ಜೊತೆ ಸೇರಿ ಒಂದೊಂದೇ ಲೆವೆಲ್ ಇಳಿಯುತ್ತ ಮ್ಯೂಯಾನ್ ಎಣಿಸಿದರು. ಕೊನೆಗೆ ಸುಮಾರು 2,760 ಮೀಟರ್ ಆಳದಲ್ಲಿ ಯಂತ್ರ ಇಟ್ಟು ಕೂತರು. ಒಂದು ವಾರ ಕಳೆಯಿತು, ಏನೂ ಬರಲಿಲ್ಲ. ಸುಮಾರು ಎರಡು ತಿಂಗಳು ಕಾದರು. ಒಂದೂ ಕಣ ಬರಲಿಲ್ಲ.

ಈ ಇಡೀ ಕಥೆಯಲ್ಲಿ ನನಗೆ ಬಹಳ ಹಿಡಿಸುವ ಘಟ್ಟ ಇದು. ಬೇರೆ ಯಾರಾದರೂ ಆಗಿದ್ದರೆ ಯಂತ್ರ ಕೆಟ್ಟಿದೆ ಎನ್ನುತ್ತಿದ್ದರು, ಇಲ್ಲವೇ ‘ಫಲಿತಾಂಶ ಶೂನ್ಯ’ ಎಂದು ಬರೆದು ಗಂಟುಮೂಟೆ ಕಟ್ಟುತ್ತಿದ್ದರು. ಇವರಿಗೆ ಆ ಸೊನ್ನೆಯಲ್ಲೇ ದಾರಿ ಕಂಡಿತು. ಜಾತ್ರೆಯ ಗದ್ದಲದಲ್ಲಿ ಪಿಸುಮಾತು ಕೇಳಿಸುವುದಿಲ್ಲ, ಗದ್ದಲ ಪೂರ್ತಿ ನಿಂತ ಜಾಗದಲ್ಲಿ ಕೇಳಿಸೀತು. ಮ್ಯೂಯಾನ್ ಬಾರದ ಜಾಗವೇ ನ್ಯೂಟ್ರಿನೊ ಹಿಡಿಯಲು ತಕ್ಕ ಜಾಗ.

ನ್ಯೂಟ್ರಿನೊ ಇದೆಯೆಂದು ಪೌಲಿ ಊಹಿಸಿದ್ದು 1930ರಲ್ಲಿ. ರೈನ್ಸ್ ಮತ್ತು ಕೋವನ್ ಅಮೆರಿಕದ ಪರಮಾಣು ಸ್ಥಾವರದ ಪಕ್ಕದಲ್ಲಿ ಅದನ್ನು ಪತ್ತೆಹಚ್ಚಿದ್ದು 1956ರಲ್ಲಿ. ಸೂರ್ಯನಿಂದಲೇ ನಮ್ಮ ಮೈಯ ಪ್ರತಿ ಚದರ ಸೆಂಟಿಮೀಟರಿಗೆ ಸೆಕೆಂಡಿಗೆ ಸುಮಾರು 6,500 ಕೋಟಿ ನ್ಯೂಟ್ರಿನೊಗಳು ಬರುತ್ತವೆ, ಏನನ್ನೂ ಮುಟ್ಟದೆ ಹೊರಟುಹೋಗುತ್ತವೆ. ಭೂಮಿಯೇ ಅವಕ್ಕೆ ಅಡ್ಡಿಯಲ್ಲ. ವಿಶ್ವಕಿರಣಗಳು ಗಾಳಿಗೆ ಬಡಿದಾಗ ಮ್ಯೂಯಾನ್ ಜೊತೆ ನ್ಯೂಟ್ರಿನೊಗಳೂ ಹುಟ್ಟಬೇಕು ಎಂಬುದು ಲೆಕ್ಕದಲ್ಲಿತ್ತು. ಪ್ರಕೃತಿಯೇ ತಯಾರಿಸಿದ ಅಂಥ ನ್ಯೂಟ್ರಿನೊವನ್ನು ಮಾತ್ರ ಯಾರೂ ಹಿಡಿದಿರಲಿಲ್ಲ.

ಟಿಐಎಫ್‌ಆರ್, ಒಸಾಕಾ ಸಿಟಿ ವಿಶ್ವವಿದ್ಯಾಲಯ, ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯ, ಮೂರೂ ಕೈಜೋಡಿಸಿದವು. ಚಾಂಪಿಯನ್ ರೀಫ್‌ನ ಹೀತ್‌ಕೋಟ್ ಶಾಫ್ಟ್‌ನಲ್ಲಿ 7,600 ಅಡಿ ಕೆಳಗೆ ಅವರು ಇಟ್ಟದ್ದನ್ನು ‘ಟೆಲಿಸ್ಕೋಪ್’ ಎನ್ನುತ್ತಾರೆ. ನೋಡಿದರೆ ಹಾಗೆ ಕಾಣುವುದಿಲ್ಲ. ಎದುರುಬದುರು ನಿಲ್ಲಿಸಿದ ಎರಡು ಗೋಡೆ. ಕಣ ತಾಗಿದರೆ ಮಿನುಗುವ ಪ್ಲಾಸ್ಟಿಕ್ ಹಲಗೆಗಳು ಆ ಗೋಡೆಗಳಲ್ಲಿವೆ. ನಡುವೆ ಸೀಸದ ಪದರ, ನಿಯಾನ್ ಅನಿಲ ತುಂಬಿದ ಗಾಜಿನ ಕೊಳವೆಗಳ ಸಾಲು ಸಾಲು. ಎರಡೂ ಗೋಡೆ ಒಟ್ಟಿಗೆ ಮಿನುಗಿದರೆ ಕೊಳವೆಗಳಿಗೆ ಹೈವೋಲ್ಟೇಜ್ ಹೊಡೆಯುತ್ತದೆ. ಕಣ ಹಾದುಹೋದ ಕೊಳವೆಗಳಷ್ಟೇ ಹೊಳೆಯುತ್ತವೆ, ಕ್ಯಾಮೆರಾ ಅದನ್ನು ಫಿಲ್ಮಿನಲ್ಲಿ ಹಿಡಿಯುತ್ತದೆ. ಫಿಲ್ಮ್ ತೊಳೆದು ನೋಡಿದರೆ ಹೊಳೆವ ಚುಕ್ಕಿಗಳ ಒಂದು ಓರೆ ಸಾಲು. ಆ ಸಾಲು ಎಷ್ಟು ಓರೆ ಎಂಬುದರಲ್ಲೇ ಉತ್ತರವಿದೆ.

ಅಳಿದುಳಿದ ಮ್ಯೂಯಾನ್‌ಗಳು ನೆತ್ತಿಯ ಮೇಲಿಂದಲೇ ಇಳಿಯಬೇಕು, ಏಕೆಂದರೆ ಬಂಡೆ ಅತಿ ತೆಳುವಾಗಿರುವುದು ಆ ದಿಕ್ಕಿನಲ್ಲಿ. ಪಕ್ಕದಿಂದ ಬರಬೇಕಾದರೆ ಹತ್ತಾರು ಕಿಲೋಮೀಟರ್ ಬಂಡೆ ಕೊರೆದು ಬರಬೇಕು, ಅದು ಅವುಗಳ ಕೈಲಾಗದು. ಆದರೆ ನ್ಯೂಟ್ರಿನೊ ಅಷ್ಟು ಬಂಡೆಯನ್ನು ಸಲೀಸಾಗಿ ದಾಟಿ ಬಂದು, ಯಂತ್ರದ ಹತ್ತಿರದ ಬಂಡೆಯಲ್ಲಿ ಎಲ್ಲೋ ಒಂದು ಪರಮಾಣುವಿಗೆ ಬಡಿದು, ಅಲ್ಲಿ ಹೊಸ ಮ್ಯೂಯಾನ್ ಹುಟ್ಟಿಸಬಲ್ಲದು. ಆದ್ದರಿಂದ ಅಡ್ಡಡ್ಡಲಾಗಿ ಬಂದ ಮ್ಯೂಯಾನ್ ಅಂದರೆ ಅದರ ತಾಯಿ ನ್ಯೂಟ್ರಿನೊ. ಸಿಸಿಲಿಯ ಸಮುದ್ರದಲ್ಲಿ 2023ರಲ್ಲಿ ಹಿಡಿದದ್ದೂ ಇದೇ ಜಾಡು.

ಅಂಥ ಜಾಡು ಸಿಕ್ಕಿದ್ದನ್ನು ತಿಳಿಸುವ ಪ್ರಬಂಧ 1965ರ ಆಗಸ್ಟ್‌ನಲ್ಲಿ ‘ಫಿಸಿಕ್ಸ್ ಲೆಟರ್ಸ್’ನಲ್ಲಿ ಬಂತು. ದಕ್ಷಿಣ ಆಫ್ರಿಕದ ಜೊಹಾನ್ಸ್‌ಬರ್ಗ್ ಬಳಿಯ ಇನ್ನೊಂದು ಚಿನ್ನದ ಗಣಿಯಲ್ಲಿ ಅದೇ ರೈನ್ಸ್ ತಮ್ಮ ತಂಡದೊಡನೆ ಇದೇ ಬೇಟೆಯಲ್ಲಿದ್ದರು. ಅವರಿಗೆ ಮೊದಲ ಕಣ ಸಿಕ್ಕಿದ್ದು ಸ್ವಲ್ಪ ಮುಂಚೆ, ಪ್ರಬಂಧ ಅಚ್ಚಾದದ್ದು ನಮ್ಮವರದಾದ ಸುಮಾರು ಎರಡು ವಾರದ ಮೇಲೆ. ಯಾರು ಮೊದಲು ಎಂಬ ಜಗಳ ಬೇಡ. ಎರಡು ಚಿನ್ನದ ಗಣಿಗಳಲ್ಲಿ ಒಂದೇ ವರ್ಷ, ಎಂದರೆ ಸಾಕು.

ಪ್ರಬಂಧದ ಮೇಲೆ ಹನ್ನೊಂದು ಹೆಸರುಗಳಿವೆ. ಆಚಾರ್, ಮೆನನ್, ನರಸಿಂಹಂ, ರಮಣಮೂರ್ತಿ, ಶ್ರೀಕಂಠನ್ ಟಿಐಎಫ್‌ಆರ್‌ನವರು. ಹಿನೋತಾನಿ, ಮಿಯಾಕೆ ಒಸಾಕಾದವರು. ಉಳಿದ ನಾಲ್ವರು ಡರ್ಹಮ್‌ನವರು, ಅವರಲ್ಲಿ ವುಲ್ಫೆಂಡೇಲ್ ಮುಂದೆ ಬ್ರಿಟನ್ನಿನ ರಾಜ ಖಗೋಳಜ್ಞರಾದರು. ಹನ್ನೊಂದೂ ಅರ್ಹ ಹೆಸರುಗಳೇ. ಆದರೆ ಟನ್ನುಗಟ್ಟಲೆ ಸೀಸ ತಾನಾಗಿ 7,600 ಅಡಿ ಇಳಿಯುವುದಿಲ್ಲ. ಕೇಜಿನಲ್ಲಿ ಹಿಡಿಸುವಷ್ಟು ತುಂಡು ಮಾಡಿ, ಇಳಿಸಿ, ಮತ್ತೆ ಸುರಂಗದಲ್ಲಿ ಸಾಗಿಸಿ ಜೋಡಿಸಬೇಕು. ಗಣಿಯ ತೀರಾ ಆಳದ ಲೆವೆಲ್‌ಗಳಲ್ಲಿ ಬಂಡೆಯ ಶಾಖ 60 ಡಿಗ್ರಿ ದಾಟುತ್ತಿತ್ತು. ತಂಪು ಗಾಳಿ ತಳ್ಳದೆ, ಹಗಲೂ ರಾತ್ರಿ ನೀರೆತ್ತದೆ ಅಲ್ಲಿ ಯಾವ ಪ್ರಯೋಗವೂ ನಡೆಯುತ್ತಿರಲಿಲ್ಲ. ಏರ್ ಬ್ಲಾಸ್ಟ್, ಅಂದರೆ ಒತ್ತಡ ತಾಳದೆ ಬಂಡೆ ಒಮ್ಮೆಲೇ ಸಿಡಿಯುವುದು, ಇಲ್ಲಿನ ಮೈನ್ಸ್ ಕೆಲಸದವರ ಜೀವನದ ಒಂದು ಭಾಗವೇ ಆಗಿತ್ತು. ಚಿತ್ತೂರು, ಉತ್ತರ ಆರ್ಕಾಟು, ಸೇಲಂ ಕಡೆಯಿಂದ ಬಂದು ಸಾಲುಮನೆಗಳ ಲೈನುಗಳಲ್ಲಿ ತಲೆಮಾರುಗಟ್ಟಲೆ ಬಾಳಿದ, ಬಹುಪಾಲು ದಲಿತರಾದ ತಮಿಳು ತೆಲುಗು ಕಾರ್ಮಿಕರು ಈ ಪ್ರಯೋಗಶಾಲೆಯನ್ನು ಅದು ಪ್ರಯೋಗಶಾಲೆ ಎಂದು ಯಾರೂ ಕರೆಯುವ ಮೊದಲೇ ಕಟ್ಟಿಟ್ಟಿದ್ದರು. ಅಚ್ಚರಿಯ ಆವಿಷ್ಕಾರ ಎಂದು ನಾವು ಹೇಳುವಾಗ ಆಕಸ್ಮಿಕದ ಮೇಲೆ ಒತ್ತು ಹಾಕುತ್ತೇವೆ. ನನ್ನ ಮಟ್ಟಿಗೆ ಹೆಚ್ಚಿನದು ಕಾಯುವ ಜಾಗ. ಆ ಜಾಗವನ್ನು ಯಾರೋ ದಿನಾ ದುಡಿದು ಸುಸ್ಥಿತಿಯಲ್ಲಿ ಇಟ್ಟಿರಬೇಕು.

ಇನ್ನು ಬಗೆಹರಿಯದ ಒಂದು ಕಥೆ. ಅದೇ ಆಳದಲ್ಲಿ ನಡೆದ ಪ್ರಯೋಗಗಳಲ್ಲಿ ಕೆಲವೇ ಕೆಲವು ವಿಚಿತ್ರ ಜಾಡುಗಳು ಸಿಕ್ಕವು. ಎರಡು ಮೂರು ಗೆರೆಗಳು ಒಂದು ಬಿಂದುವಿನಿಂದ ಕವಲೊಡೆದಂತೆ. ಹಿಂದಕ್ಕೆ ಎಳೆದು ನೋಡಿದರೆ ಆ ಬಿಂದು ಬಂಡೆಯೊಳಗಿಲ್ಲ, ಬಂಡೆಗೂ ಯಂತ್ರಕ್ಕೂ ನಡುವಿನ ಖಾಲಿ ಗಾಳಿಯಲ್ಲಿದೆ! ಗಾಳಿಯಲ್ಲಿ ನ್ಯೂಟ್ರಿನೊ ಬಡಿಯುವುದಕ್ಕೆ ಅಷ್ಟು ವಸ್ತುವೇ ಇಲ್ಲ. ಹಾಗಾದರೆ ಬಂಡೆಯಲ್ಲಿ ಹುಟ್ಟಿ, ಒಂದಿಷ್ಟು ದೂರ ಬದುಕಿ, ಗಾಳಿಯಲ್ಲಿ ಒಡೆದ ಹೊಸ ಕಣವೇ? ಎಂ.ಆರ್. ಕೃಷ್ಣಸ್ವಾಮಿ ಮತ್ತು ಸಂಗಡಿಗರು 1975ರಲ್ಲಿ ಇದನ್ನು ಪ್ರಕಟಿಸಿದರು. ‘ಕೋಲಾರ್ ಈವೆಂಟ್ಸ್’ ಎಂದೇ ಹೆಸರಾಯಿತು. ದೊಡ್ಡ ವೇಗವರ್ಧಕಗಳಲ್ಲಿ ಹುಡುಕಿದರು, ಸಿಗಲಿಲ್ಲ. ವಿಷಯ ತಣ್ಣಗಾಯಿತು. 2014ರಲ್ಲಿ ಎಂ.ವಿ.ಎನ್. ಮೂರ್ತಿ ಮತ್ತು ಜಿ. ರಾಜಶೇಖರನ್ ‘ಪ್ರಮಾಣ’ ಪತ್ರಿಕೆಯಲ್ಲಿ ಆ ಹಳೆಯ ಗೆರೆಗಳನ್ನು ಮತ್ತೆ ಎತ್ತಿಕೊಂಡು, ಕೃಷ್ಣದ್ರವ್ಯದ ಕಣವೇನಾದರೂ ಒಡೆದದ್ದೇ ಎಂದು ಕೇಳಿದರು. ಇಷ್ಟು ಕಡಿಮೆ ಜಾಡುಗಳ ಮೇಲೆ ಅಷ್ಟು ದೊಡ್ಡ ಮಾತು ನಿಲ್ಲುವುದು ಕಷ್ಟ ಎಂದೇ ನನ್ನ ಅನಿಸಿಕೆ. ಆದರೆ ತಳ್ಳಿಹಾಕಲೂ ಮತ್ತೊಂದು ಆಳದ ಪ್ರಯೋಗ ಬೇಕು.

ಎಂಬತ್ತರ ದಶಕದಲ್ಲಿ ಜಪಾನಿನವರ ಜೊತೆಗೂಡಿ ಪ್ರೋಟಾನ್ ಸಾಯುತ್ತದೆಯೇ ಎಂದು ನೋಡಲು 140 ಟನ್ ತೂಕದ ಕಬ್ಬಿಣದ ಯಂತ್ರ ಇಟ್ಟರು, ಆಮೇಲೆ ಇನ್ನೂ ದೊಡ್ಡದೊಂದನ್ನು. ಪ್ರೋಟಾನ್ ಒಡೆದಿರಬಹುದಾದ ಕೆಲವು ಘಟನೆಗಳನ್ನು ಮುಂದಿಟ್ಟರು. ಬೇರೆಡೆಯ ದೊಡ್ಡ ಯಂತ್ರಗಳು ಅದನ್ನು ಒಪ್ಪಲಿಲ್ಲ. ಪ್ರೋಟಾನ್ ಸತ್ತದ್ದನ್ನು ಇವತ್ತಿಗೂ ಯಾರೂ ಖಚಿತವಾಗಿ ಕಂಡಿಲ್ಲ.

ಆದರೆ ಅದೇ ಪ್ರಶ್ನೆಗಾಗಿ ಜಪಾನಿನವರು ಕಮಿಯೋಕಾ ಎಂಬಲ್ಲಿ 1983ರಲ್ಲಿ ಬೇರೊಂದು ಯಂತ್ರ ಚಾಲೂ ಮಾಡಿದರು, ನೀರಿನ ದೊಡ್ಡ ತೊಟ್ಟಿಯದು. ಅದೂ ಗಣಿಯೇ, ಸತುವಿನದ್ದು. ಅಲ್ಲಿಯೂ ಪ್ರೋಟಾನ್ ಸಾಯಲಿಲ್ಲ. ಬದಲಿಗೆ 1987ರಲ್ಲಿ ಸಿಡಿದ ನಕ್ಷತ್ರವೊಂದರ ನ್ಯೂಟ್ರಿನೊಗಳು ಬಂದು ಬಿದ್ದವು. 1998ರಲ್ಲಿ, ಅದರ ಮುಂದಿನ ಪೀಳಿಗೆಯ ಸೂಪರ್ ಕಮಿಯೋಕಾಂಡೆಯಲ್ಲಿ, ವಾಯುಮಂಡಲದ ನ್ಯೂಟ್ರಿನೊಗಳು ದಾರಿಯಲ್ಲೇ ಜಾತಿ ಬದಲಿಸುತ್ತವೆ, ಅಂದರೆ ಅವಕ್ಕೆ ತೂಕವಿದೆ ಎಂದು ತಿಳಿಯಿತು. 2002ರಲ್ಲಿ ಕೊಶಿಬಾ, 2015ರಲ್ಲಿ ಕಾಜಿತಾ ಅವರಿಗೆ ನೊಬೆಲ್. ಕಾಜಿತಾ ಕಂಡ ವಾಯುಮಂಡಲದ ನ್ಯೂಟ್ರಿನೊವನ್ನು ಜಗತ್ತು ಮೊದಲು ಕಂಡದ್ದು ಹೀತ್‌ಕೋಟ್ ಶಾಫ್ಟ್‌ನಲ್ಲಿ ಮತ್ತು ಜೊಹಾನ್ಸ್‌ಬರ್ಗ್ ಬಳಿಯ ಆ ಗಣಿಯಲ್ಲಿ.

ಕಮಿಯೋಕಾದಲ್ಲಿ ಅದಿರು ತೆಗೆಯುವುದು ನಿಂತದ್ದು 2001ರಲ್ಲಿ. ಕೆಜಿಎಫ್ ನಡೆಸುತ್ತಿದ್ದ ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಮುಚ್ಚಿದ್ದೂ 2001ರ ಫೆಬ್ರುವರಿ 28ಕ್ಕೆ. ಅಲ್ಲಿ ಗಣಿ ಹೋದರೂ ಪ್ರಯೋಗಶಾಲೆ ಬೆಳೆಯಿತು. ಇಲ್ಲಿ ಪ್ರಯೋಗಗಳು ತೊಂಬತ್ತರ ದಶಕದಲ್ಲೇ ನಿಂತಿದ್ದವು. ಗಣಿ ಮುಚ್ಚಿದ ಮೇಲೆ ಪಂಪುಗಳೂ ನಿಂತು ಸುರಂಗಗಳಲ್ಲಿ ನೀರು ತುಂಬಿತು. ಹೋಲಿಕೆ ಪೂರ್ತಿ ನ್ಯಾಯವಲ್ಲ ಎಂಬುದನ್ನೂ ಹೇಳಬೇಕು. ಕಮಿಯೋಕಾ ಬೆಟ್ಟದೊಳಗಿದೆ, ಸುರಂಗದಲ್ಲಿ ಗಾಡಿ ಓಡಿಸಿಕೊಂಡೇ ಹೋಗಬಹುದು. ನಮ್ಮದು ನೆಟ್ಟಗೆ ಪಾತಾಳಕ್ಕೆ. ಆದರೂ ಬೆಟ್ಟದೊಳಗಿನ ಪ್ರಯೋಗಶಾಲೆಯನ್ನೂ ನಾವು ಇನ್ನೂ ಕಟ್ಟಿಲ್ಲ. ಕೆಜಿಎಫ್‌ನ ಉತ್ತರಾಧಿಕಾರಿಯಾಗಬೇಕಿದ್ದ ಭಾರತೀಯ ನ್ಯೂಟ್ರಿನೊ ವೀಕ್ಷಣಾಲಯಕ್ಕೆ ಮೊದಲು ನೀಲಗಿರಿಯ ಸಿಂಗಾರದಲ್ಲಿ ಜಾಗ ಸಿಗಲಿಲ್ಲ, ಆನೆಗಳ ದಾರಿ ಎಂಬ ಕಾರಣಕ್ಕೆ. ತೇಣಿ ಜಿಲ್ಲೆಯ ಬೆಟ್ಟಕ್ಕೆ 2015ರಲ್ಲಿ ಕೇಂದ್ರದ ಒಪ್ಪಿಗೆ ಬಂತು, ಸ್ಥಳೀಯ ವಿರೋಧ ಮತ್ತು ತಮಿಳುನಾಡು ಸರ್ಕಾರದ ಆಕ್ಷೇಪದಿಂದ ಅದೂ ನಿಂತಿದೆ. ಆ ಜನರ ಆತಂಕವನ್ನು ಅಜ್ಞಾನ ಎಂದು ನಕ್ಕುಬಿಡುವವರ ಜೊತೆ ನಾನಿಲ್ಲ. ಬೆಟ್ಟ ಅವರದ್ದು, ನೀರು ಅವರದ್ದು.

ಕಮಿಯೋಕಾದ್ದೇ ಇನ್ನೊಂದು ಮುಖವಿದೆ. ಅದೇ ಗಣಿ ನದಿಗೆ ಬಿಟ್ಟ ಕ್ಯಾಡ್ಮಿಯಂ ಕೆಳಗಿನ ಬಯಲಿನ ಅನ್ನದಲ್ಲಿ ಸೇರಿ, ಮೂಳೆ ಮುರಿದು ನರಳುವ ‘ಇತಾಯ್-ಇತಾಯ್’ ರೋಗ ತಂದಿತ್ತು. 1968ರಲ್ಲಿ ಜಪಾನ್ ಸರ್ಕಾರ ಅದನ್ನು ಮಾಲಿನ್ಯದ ರೋಗವೆಂದು ಒಪ್ಪಿಕೊಂಡಿತು. ನೊಬೆಲ್ ತಂದ ಗಣಿಯದ್ದೇ ಕಥೆ ಇದು. ನಮ್ಮಲ್ಲಿಯೂ ಅಷ್ಟೆ, ಅದಕ್ಕಾಗಿ ಬೆಣಚುಕಲ್ಲಿನ ಬಗ್ಗೆ ಎರಡು ಮಾತು.

ಕೋಲಾರದ ಚಿನ್ನ ಸಿಗುತ್ತಿದ್ದುದು ಬೆಣಚುಕಲ್ಲಿನ ಪಟ್ಟೆಗಳಲ್ಲಿ. ಚಿನ್ನ ಅಲ್ಲೇ ಏಕೆ ಗಟ್ಟಿಯಾಗುತ್ತದೆ? ಬಿಸಿನೀರಿನಲ್ಲಿ ಚಿನ್ನ ಕರಗಿರುವುದು ತೀರಾ ಕಡಿಮೆ. ಅಂಥ ನೀರಿನಿಂದ ಗಟ್ಟಿ ಗಟ್ಟಿ ತುಂಡುಗಳಾಗುವುದು ಹೇಗೆ ಎಂಬುದು ಹಳೆಯ ಒಗಟು. 2024ರ ಸೆಪ್ಟೆಂಬರಿನಲ್ಲಿ ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯದ ಕ್ರಿಸ್ ವಾಯ್ಸಿ ಮತ್ತು ಸಂಗಡಿಗರು ಒಂದು ಉತ್ತರ ಕೊಟ್ಟರು. ಬೆಣಚುಕಲ್ಲನ್ನು ಅದುಮಿದರೆ ಅದರಲ್ಲಿ ವಿದ್ಯುತ್ ಹುಟ್ಟುತ್ತದೆ, ಗಡಿಯಾರದ ಕ್ವಾರ್ಟ್ಜ್ ನಡೆಯುವುದೂ ಇದೇ ಗುಣದಿಂದ. ಅವರು ಕಲ್ಲಿನ ಹಲ್ಲೆಗಳನ್ನು ಚಿನ್ನವಿರುವ ದ್ರಾವಣದಲ್ಲಿಟ್ಟು ಭೂಕಂಪ ಬಂದಂತೆ ಮೋಟಾರಿನಿಂದ ನಡುಗಿಸಿದರು. ಕಲ್ಲಿನ ಮೈಮೇಲೆ ಚಿನ್ನ ಕೂತಿತು. ಆಗಲೇ ಚಿನ್ನದ ಕಣವಿದ್ದ ಕಡೆ ಇನ್ನಷ್ಟು ಬಂದು ಸೇರಿತು. ಚಿನ್ನ ಚಿನ್ನವನ್ನೇ ಸೇರುತ್ತದೆ, ಇದನ್ನು ನಮ್ಮ ಊರಿನ ಬಡ್ಡಿ ಸಾಹುಕಾರರಿಗೆ ಯಾರೂ ಹೇಳಿಕೊಡಬೇಕಿಲ್ಲ! ಇದು ಪ್ರಯೋಗಶಾಲೆಯ ಪುರಾವೆ. ಕೋಲಾರದ ಪಟ್ಟೆಗಳಲ್ಲೂ ಹೀಗೇ ಆಯಿತೆಂದು ನಾನು ಹೇಳುತ್ತಿಲ್ಲ.

ಅದೇ ಬೆಣಚುಕಲ್ಲು ಪುಡಿಯಾಗಿ ಉಸಿರಿಗೆ ಸೇರಿದರೆ ಸಿಲಿಕೋಸಿಸ್. ಶ್ವಾಸಕೋಶದಲ್ಲಿ ಗಾಯದ ಗಂಟುಗಳಾಗಿ, ಉಸಿರು ಮೋಟಾಗುತ್ತ ಹೋಗುವ ಕಾಯಿಲೆ. ಆದ ಹಾನಿಯನ್ನು ಹಿಂದಕ್ಕೆ ತಿರುಗಿಸುವ ಔಷಧ ಇಲ್ಲ. ಭಾರತದಲ್ಲಿ ಸಿಲಿಕೋಸಿಸ್ ಮೊದಲು ವರದಿಯಾದದ್ದು ಕೋಲಾರದ ಗಣಿಗಳಿಂದ, 1947ರಲ್ಲಿ ಎಂದು ನಮ್ಮ ವೈದ್ಯಕೀಯ ವಿದ್ಯಾರ್ಥಿಗಳು ಪಠ್ಯದಲ್ಲಿ ಓದುತ್ತಾರೆ. ಈ ಊರು ವಿಜ್ಞಾನಕ್ಕೆ ಕೊಟ್ಟ ‘ಮೊದಲು’ಗಳಲ್ಲಿ ಅದೂ ಒಂದು. ಅದು ಹಳೆಯ ಕಾಲದ ಕಾಯಿಲೆ ಎಂದು ಎಷ್ಟೋ ವೈದ್ಯರೂ ನಂಬಿದ್ದರು. ಈಚಿನ ವರ್ಷಗಳಲ್ಲಿ ಅದು ಹೊಸ ಬಾಗಿಲಿನಿಂದ ವಾಪಸು ಬಂತು. ಅಡುಗೆಮನೆ ಕಟ್ಟೆಗೆ ಹಾಕುವ ಕೃತಕ ಕ್ವಾರ್ಟ್ಜ್ ಕಲ್ಲನ್ನು ಕೊಯ್ಯುವ ಯುವಕರಿಗೆ, ಕೆಲವೇ ವರ್ಷಗಳ ಕೆಲಸದಲ್ಲಿ. ಆಸ್ಟ್ರೇಲಿಯಾ 2024ರ ಜುಲೈ 1ರಿಂದ ಆ ಕಲ್ಲನ್ನೇ ನಿಷೇಧಿಸಿತು, ಹಾಗೆ ಮಾಡಿದ ಮೊದಲ ದೇಶ ಅದು. ಬೆಂಗಳೂರಿನ ಹೊಸ ಫ್ಲ್ಯಾಟುಗಳಲ್ಲಿ ಆ ಕಟ್ಟೆ ಈಗ ಜಂಬದ ವಸ್ತು. ಅದನ್ನು ಮಾಸ್ಕಿಲ್ಲದೆ, ನೀರು ಹಾಯಿಸದೆ, ಮೆಟ್ಟಿಲ ಬುಡದಲ್ಲಿ ಕೂತು ಕೊಯ್ಯುವ ಹುಡುಗರನ್ನು ನೀವೂ ನೋಡಿರುತ್ತೀರಿ.

ಕೊನೆಗೆ, ಎಲ್ಲರಿಗೂ ಕಾಣುವ ಸೈನೈಡ್ ದಿಬ್ಬಗಳು. ಅವು ಬಹುಮಟ್ಟಿಗೆ ನುಣ್ಣಗೆ ಅರೆದ ಬಂಡೆ. ಸೈನೈಡಿನಲ್ಲಿ ಚಿನ್ನ ಕರಗಿಸಿ ತೆಗೆದ ಮೇಲೆ ಉಳಿದ ಹಿಟ್ಟು. ಬೇಸಿಗೆಯ ಗಾಳಿಗೆ ಎದ್ದರೆ ರಾಬರ್ಟ್‌ಸನ್‌ಪೇಟೆಯ ಮನೆಗಳ ಕಿಟಕಿ ಮುಚ್ಚಬೇಕು. ಆ ದಿಬ್ಬಗಳಲ್ಲಿ ಉಳಿದ ಚಿನ್ನ ತೆಗೆಯಲು ರಾಜ್ಯ ಸಚಿವ ಸಂಪುಟ 2024ರ ಜೂನ್‌ನಲ್ಲಿ ಒಪ್ಪಿಗೆ ಕೊಟ್ಟಿದೆ. ಕೆಲಸ ಸಿಗುತ್ತದೆಂಬ ಆಸೆ ನಿಮ್ಮಲ್ಲಿ ಹಲವರಿಗಿದೆ. ದಿನಾ ಬೆಳಗಿನ ಕತ್ತಲಲ್ಲೇ ರೈಲು ಹಿಡಿದು ಬೆಂಗಳೂರಿಗೆ ಹೋಗುವವರ ಊರಿನಲ್ಲಿ ಅದು ಸಣ್ಣ ಆಸೆಯಲ್ಲ. ನಾನು ಬೇಡ ಎನ್ನುವುದಿಲ್ಲ. ಒಂದು ಷರತ್ತು ಮಾತ್ರ ಇಡಬೇಕೆಂದು ಕೇಳುತ್ತೇನೆ. ದಿಬ್ಬ ಕೆದಕುವ ಮೊದಲ ದಿನದಿಂದಲೇ ಗಾಳಿಯಲ್ಲಿರುವ ಸಿಲಿಕಾ ಧೂಳನ್ನು ಅಳೆಯುವ ಯಂತ್ರಗಳು ಲೈನುಗಳ ಪಕ್ಕದಲ್ಲಿ ನಿಲ್ಲಲಿ. ಆ ಅಂಕಿಗಳನ್ನು ಕಚೇರಿಯ ಫೈಲಿನಲ್ಲಿ ಬಿಡದೆ, ಪ್ರತಿದಿನ ಉರಿಗಾಂ, ಚಾಂಪಿಯನ್, ಮಾರಿಕುಪ್ಪಂ ಸ್ಟೇಷನ್ನುಗಳ ಬೋರ್ಡಿನಲ್ಲಿ ಕನ್ನಡ, ತಮಿಳು, ತೆಲುಗಿನಲ್ಲಿ ಬರೆದು ಹಾಕಲಿ. ಅಳೆಯುವ ಕೆಲಸವನ್ನು ಇಲ್ಲಿನ ಕಾಲೇಜುಗಳ ಭೌತವಿಜ್ಞಾನ, ರಸಾಯನವಿಜ್ಞಾನ ವಿಭಾಗಗಳಿಗೆ ವಹಿಸಿಕೊಡಬಹುದು. ಅದೇ ಹುಡುಗ ಹುಡುಗಿಯರು ಬೇಕಾದರೆ ಪಕ್ಕದಲ್ಲೇ ಒಂದು ಸಣ್ಣ ಮ್ಯೂಯಾನ್ ಎಣಿಕೆ ಯಂತ್ರವನ್ನೂ ಇಟ್ಟುಕೊಳ್ಳಲಿ. ಈಗ ಅದನ್ನು ಮೇಜಿನ ಮೇಲೆ ಹಿಡಿಸುವಷ್ಟು ಚಿಕ್ಕದಾಗಿ ಕಾಲೇಜು ಮಟ್ಟದಲ್ಲೇ ಕಟ್ಟುತ್ತಾರೆ.